ಕೋಡ್ 10 ಮತ್ತು ಅಂಟಿಕೊಂಡ ಒಂದು ಸ್ಪ್ರಿಂಗ್: ಗಂಗಾವತಿಯ ಮನೆ ಕಂಪ್ಯೂಟರಿಗೆ ಸೌಂಡ್ ವಾಪಸ್ ತಂದ ಲೆಕ್ಕ

ಸಿಸ್ಟಂ: 2017ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. 6ನೇ ತಲೆಮಾರಿನ ಇಂಟೆಲ್ ಐ3, ಎಚ್110 ಚಿಪ್‌ಸೆಟ್ಟಿನ ಬೋರ್ಡು, ಅದರ ಮೇಲೆ ರಿಯಲ್‌ಟೆಕ್ ಎಎಲ್‌ಸಿ887 ಆಡಿಯೊ ಚಿಪ್ಪು, 8 ಜಿಬಿ ರ್‍ಯಾಮ್, ವಿಂಡೋಸ್ 10 ಹೋಮ್ 22ಎಚ್2. ಮಾನಿಟರ್ ವಿಜಿಎ ಕೇಬಲ್ಲಿನಲ್ಲಿ. ಎರಡು ಪುಟ್ಟ ಸ್ಪೀಕರು, ಹಿಂದಿನ ಹಸಿರು ಜ್ಯಾಕಿನಲ್ಲಿ.

ಜಾಗ: ಗಂಗಾವತಿ, ರೈಸ್‌ಮಿಲ್ಲುಗಳಿಗೆ ಹತ್ತಿರದ ಓಣಿ. ಬಾಯ್ಲರಿಗೆ ಹೊಟ್ಟು ಸುಟ್ಟ ಕಪ್ಪು ಬೂದಿ ಕಿಟಕಿಯಿಂದ ಬಂದು ಟೇಬಲ್ಲಿನ ಮೇಲೆ ಕೂರುತ್ತದೆ. ಇದನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ದೂರು, ಮನೆಯವರ ಮಾತಿನಲ್ಲೇ: "ಅಣ್ಣಾ, ಡ್ರೈವರ್ ಅಪ್‌ಡೇಟ್ ಮಾಡೋ ಫ್ರೀ ಸಾಫ್ಟ್‌ವೇರ್ ಒಂದು ಹಾಕಿದ್ವಿ. ಹದಿನೇಳು ಡ್ರೈವರ್ ಹಳೇವು ಅದಾವ ಅಂತ ಕೆಂಪಗ ತೋರಿಸ್ತು. ಎಲ್ಲಾ ಒತ್ತಿಬಿಟ್ವಿ. ಅವತ್ತಿಂದ ಸೌಂಡ್ ಇಲ್ಲ ನೋಡ್ರಿ."

ಡ್ರೈವರ್ ಎಂದರೆ ಕಂಪ್ಯೂಟರಿನ ಒಂದೊಂದು ಭಾಗವನ್ನು ವಿಂಡೋಸಿನಿಂದ ನಡೆಸುವ ಸಣ್ಣ ಪ್ರೋಗ್ರಾಂ. ಕೆಲಸ ಹಿಡಿದದ್ದು ಒಟ್ಟು ಆರು ದಿನ, ಕೈಯಾಡಿಸಿದ ಸಮಯ ಸುಮಾರು ಏಳು ಗಂಟೆ. ಸರಿಯಾದ ಕ್ರಮದಲ್ಲಿ ಮಾಡಿದ್ದರೆ ಒಂದೂವರೆ ಗಂಟೆಯ ಕೆಲಸ.

ಹಂತ 1. ದಿನ 1, ಶನಿವಾರ ಸಂಜೆ: ಮುಟ್ಟುವ ಮೊದಲು ಬರೆದುಕೊಂಡದ್ದು

ಸ್ಪೀಕರ್ ವೈರನ್ನು ಮೊಬೈಲಿಗೆ ಸಿಕ್ಕಿಸಿ ನೋಡಿದೆ, ಹಾಡು ಬಂತು. ಸ್ಪೀಕರ್ ಚಲೋ ಇದೆ. ಈ ಎರಡು ನಿಮಿಷದ ಪರೀಕ್ಷೆ ಬಿಟ್ಟು ಡ್ರೈವರಿಗೆ ಕೈ ಹಾಕಬಾರದು.

ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ರಿಯಲ್‌ಟೆಕ್ ಹೆಸರಿನ ಮೇಲೆ ಹಳದಿ ತ್ರಿಕೋನ. ಪ್ರಾಪರ್ಟೀಸ್ ತೆಗೆದರೆ ಕೋಡ್ 10, ಅಂದರೆ ಡ್ರೈವರ್ ಇದೆ, ಆದರೆ ಡಿವೈಸನ್ನು ಶುರು ಮಾಡಲು ಆಗುತ್ತಿಲ್ಲ. ಕೋಡ್ 28 ಇದ್ದಿದ್ದರೆ ಡ್ರೈವರೇ ಇಲ್ಲ ಎಂದಾಗುತ್ತಿತ್ತು, ಅದರ ದಾರಿ ಬೇರೆ. ಡೀಟೇಲ್ಸ್ ಟ್ಯಾಬಿನ ಹಾರ್ಡ್‌ವೇರ್ ಐಡಿಯಲ್ಲಿ ವೆಂಡರ್ 10ಇಸಿ, ಡಿವೈಸ್ 0887. 10ಇಸಿ ಎಂದರೆ ರಿಯಲ್‌ಟೆಕ್, ಉಳಿದ ನಾಲ್ಕು ಅಂಕಿಯೇ ಚಿಪ್ಪಿನ ನಂಬರು. ಬೋರ್ಡಿನ ಡಬ್ಬಿ ಕಳೆದುಹೋಗಿದ್ದರೂ ಚಿಪ್ಪು ಯಾವುದು ಎಂದು ಇಲ್ಲಿ ಗೊತ್ತಾಗುತ್ತದೆ.

ಡ್ರೈವರ್ ಟ್ಯಾಬಿನಲ್ಲಿ ವರ್ಷನ್ 6.0.9 ಎಂದು ಶುರು. ಇದು ಹೊಸ ಜಾತಿ, ಡಿಸಿಎಚ್ ಎನ್ನುತ್ತಾರೆ. ಈ ಬೋರ್ಡಿಗೆ ಕಂಪನಿ ಕೊಟ್ಟದ್ದು 6.0.1 ಎಂದು ಶುರುವಾಗುವ ಹಳೇ ಜಾತಿ. ಎರಡನ್ನೂ ಒಂದರ ಮೇಲೊಂದು ಹಾಕಿದರೆ ಅರ್ಧ ಇದರದ್ದು, ಅರ್ಧ ಅದರದ್ದು ಉಳಿಯುತ್ತದೆ. ಕೋಡ್ 10ಕ್ಕೆ ಕಾರಣ ಇಷ್ಟೇ ಎಂದು ಬರೆದುಕೊಂಡೆ. ಅದು ನಿಜ. ಆದರೆ ಅಷ್ಟೇ ಆಗಿರಲಿಲ್ಲ.

ಹಿಂದಿನ ಡ್ರೈವರಿಗೆ ಮರಳಿಸುವ ರೋಲ್ ಬ್ಯಾಕ್ ಬಟನ್ ಮಸುಕಾಗಿತ್ತು, ಒತ್ತಲು ಬರುವುದಿಲ್ಲ. ವಿಂಡೋಸ್ ಆಡಿಯೊ, ವಿಂಡೋಸ್ ಆಡಿಯೊ ಎಂಡ್‌ಪಾಯಿಂಟ್ ಬಿಲ್ಡರ್ ಎರಡೂ ಸರ್ವೀಸ್ ಓಡುತ್ತಿದ್ದವು. ರೀಸ್ಟಾರ್ಟ್ ಮಾಡಿದರೂ ಫಲವಿಲ್ಲ. ವಿಂಡೋಸಿನ ಟ್ರಬಲ್‌ಶೂಟರ್ ಓಡಿಸಿದ್ದು ನಾಲ್ಕು ನಿಮಿಷ ದಂಡ.

ಹಂತ 2. ಮೈಕ್ರೋಸಾಫ್ಟಿನ ಸಾದಾ ಡ್ರೈವರ್

ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್. ಅಲ್ಲಿ ಕಾಣುವ ಪಟ್ಟಿಯಲ್ಲಿ "ಹೈ ಡೆಫಿನಿಶನ್ ಆಡಿಯೊ ಡಿವೈಸ್" ಆರಿಸಿದೆ. ಇದು ವಿಂಡೋಸಿನ ಜೊತೆಗೇ ಬರುವ ಡ್ರೈವರ್, ಡೌನ್‌ಲೋಡ್ ಬೇಕಿಲ್ಲ. ರೀಸ್ಟಾರ್ಟ್ ಆದಮೇಲೆ ಹಳದಿ ತ್ರಿಕೋನ ಮಾಯ, ಕೋಡ್ 10 ಮಾಯ. ಹಾಡು ಹಚ್ಚಿದರೆ ಸೌಂಡ್ ಸೆಟ್ಟಿಂಗಿನ ಹಸಿರು ಪಟ್ಟಿ ಕುಣಿಯುತ್ತಿದೆ.

ಸ್ಪೀಕರಿನಲ್ಲಿ ಮಾತ್ರ ಒಂದು ಚೂರೂ ಸದ್ದಿಲ್ಲ.

ಇಲ್ಲೇ ನಿಂತು ಯೋಚಿಸಬೇಕಿತ್ತು. ಪಟ್ಟಿ ಕುಣಿಯುತ್ತಿದೆ ಎಂದರೆ ವಿಂಡೋಸಿನಿಂದ ಆಡಿಯೊ ಹೊರಡುತ್ತಿದೆ, ಎಲ್ಲೋ ಮುಂದೆ ನಿಲ್ಲುತ್ತಿದೆ. ಸಾದಾ ಡ್ರೈವರಿನಲ್ಲೂ ಹೀಗಾದರೆ ಡ್ರೈವರಿನ ಮೇಲಿನ ಅನುಮಾನ ಅರ್ಧಕ್ಕಿಳಿಯಬೇಕು. "ಸಾದಾ ಡ್ರೈವರಿಗೆ ಈ ಬೋರ್ಡು ಒಗ್ಗಿಲ್ಲ" ಎಂದುಕೊಂಡು ಮುಂದೆ ಹೋದೆ. ಎರಡು ಗಂಟೆ ಕಳೆದದ್ದು ಈ ಒಂದು ಸಾಲಿನಿಂದ.

ಹಂತ 3. ಕೆಟ್ಟ ಎರಡು ಗಂಟೆ

ಬೋರ್ಡಿನ ಕಂಪನಿಯ ಪುಟದಿಂದ ಹಳೇ ರಿಯಲ್‌ಟೆಕ್ ಡ್ರೈವರ್ ಇಳಿಸಿ ನೇರ ಓಡಿಸಿದೆ. ಮುಕ್ಕಾಲು ಭಾಗ ಹೋಗಿ ನಿಂತು, ಎರರ್ ಕೋಡ್ -0001. ವಿಂಡೋಸ್ ಡ್ರೈವರುಗಳನ್ನು ಕೂಡಿಡುವ ಡ್ರೈವರ್ ಸ್ಟೋರಿನಲ್ಲಿ ಹೊಸ ಜಾತಿಯ ತುಂಡುಗಳು ಕೂತಿರುವಾಗ ಹಳೇದು ಒಳಗೆ ಹೋಗಲಿಲ್ಲ. ಮೊದಲು ಗುಡಿಸಬೇಕು.

ಗುಡಿಸುವಾಗ ಆದ ತಪ್ಪು: ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಎನ್‌ಪಿಯುಟಿಲ್ /ಎನಮ್-ಡ್ರೈವರ್ಸ್ ಕೊಟ್ಟೆ. ಇದು ಸ್ಟೋರಿನ ಡ್ರೈವರುಗಳನ್ನು ಪಟ್ಟಿ ಮಾಡುವ, ಅಳಿಸುವ ವಿಂಡೋಸಿನದೇ ಕಮಾಂಡ್. ಹೊರಗಿನಿಂದ ಬಂದ ಡ್ರೈವರುಗಳೆಲ್ಲ ಒಇಎಂ ಎಂದು ಶುರುವಾಗುವ ನಂಬರಿನೊಂದಿಗೆ ಸಾಲಾಗಿ ಬರುತ್ತವೆ. ಪ್ರೊವೈಡರ್ ಹೆಸರು ರಿಯಲ್‌ಟೆಕ್ ಎಂದಿದ್ದ ಐದನ್ನೂ ಅಳಿಸಿದೆ. ಐದನೆಯದು ಆಡಿಯೊದ್ದಲ್ಲ. ಮನೆಯ ವೈಫೈ ಡಾಂಗಲ್ಲಿನ ಚಿಪ್ಪೂ ರಿಯಲ್‌ಟೆಕ್ಕಿನದೇ. ವೈಫೈ ಹೋಯಿತು. ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ ಡಾಂಗಲ್ ಡ್ರೈವರ್ ಇಳಿಸಿ ಪೆನ್‌ಡ್ರೈವಿನಲ್ಲಿ ತಂದು ಹಾಕಲು 40 ನಿಮಿಷ.

ಪ್ರೊವೈಡರ್ ಹೆಸರಿನ ಕೆಳಗಿನ ಸಾಲಿನಲ್ಲೇ ಕ್ಲಾಸ್ ನೇಮ್ ಇರುತ್ತದೆ. ಅದು "ಸೌಂಡ್, ವಿಡಿಯೋ ಅಂಡ್ ಗೇಮ್ ಕಂಟ್ರೋಲರ್ಸ್" ಇದ್ದರೆ ಅಳಿಸಬಹುದು. "ನೆಟ್‌ವರ್ಕ್ ಅಡಾಪ್ಟರ್ಸ್" ಇದ್ದರೆ ಕೈ ಹಚ್ಚಬೇಡಿ. "ಎಕ್ಸ್‌ಟೆನ್ಶನ್ಸ್" ಮತ್ತು "ಸಾಫ್ಟ್‌ವೇರ್ ಕಾಂಪೊನೆಂಟ್ಸ್" ಎಂದಿರುವುದರಲ್ಲಿ ಮೂಲ ಫೈಲಿನ ಹೆಸರನ್ನೂ ಓದಿ, ಆಡಿಯೊದ್ದೇ ಎಂದು ಖಾತ್ರಿಯಾದರೆ ಮಾತ್ರ ತೆಗೆಯಿರಿ. ಅಳಿಸುವ ಮೊದಲು ಎಲ್ಲಾ ಡ್ರೈವರುಗಳ ಒಂದು ಪ್ರತಿ ಇಟ್ಟುಕೊಳ್ಳುವುದು ಒಂದೇ ಸಾಲಿನ ಕೆಲಸ: ಡಿ ಡ್ರೈವಿನಲ್ಲಿ ಖಾಲಿ ಫೋಲ್ಡರ್ ಮಾಡಿ, ಪಿಎನ್‌ಪಿಯುಟಿಲ್ /ಎಕ್ಸ್‌ಪೋರ್ಟ್-ಡ್ರೈವರ್, ಆಮೇಲೆ ನಕ್ಷತ್ರ ಚಿಹ್ನೆ, ಆಮೇಲೆ ಆ ಫೋಲ್ಡರಿನ ದಾರಿ. ಇದನ್ನು ಮಾಡಿದ್ದರೆ ಆ 40 ನಿಮಿಷ ಉಳಿಯುತ್ತಿತ್ತು.

ರಾತ್ರಿ 10ಕ್ಕೆ ಕರೆಂಟ್ ಹೋಯಿತು. ಬಿಟ್ಟೆ.

ಹಂತ 4. ದಿನ 2, ಭಾನುವಾರ ಬೆಳಗ್ಗೆ: ಲಿನಕ್ಸ್ ಪೆನ್‌ಡ್ರೈವ್

ತೊಂದರೆ ವಿಂಡೋಸಿನಲ್ಲೋ ತಂತಿಯಲ್ಲೋ ಎಂದು ಬೇರ್ಪಡಿಸಲು ಇದಕ್ಕಿಂತ ಸುಲಭದ ಸಾಧನ ಇಲ್ಲ. 8 ಜಿಬಿ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಬರೆದು, ಅದರಿಂದಲೇ ಬೂಟ್ ಮಾಡಿದೆ. ಇನ್‌ಸ್ಟಾಲ್ ಮಾಡುವುದು ಬೇಡ, ಡೆಸ್ಕ್‌ಟಾಪ್ ಬಂದರೆ ಸಾಕು. ಹಾರ್ಡ್‌ಡಿಸ್ಕಿನಲ್ಲಿರುವುದನ್ನು ಇದು ಮುಟ್ಟುವುದಿಲ್ಲ. ವಿಂಡೋಸಿನ ಡ್ರೈವರುಗಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸೌಂಡ್ ಸೆಟ್ಟಿಂಗ್ ತೆಗೆದೆ. ಚಿಪ್ಪು ಸಿಕ್ಕಿದೆ. ಔಟ್‌ಪುಟ್ಟಿನಲ್ಲಿ "ಹೆಡ್‌ಫೋನ್ಸ್" ಎಂದಿದೆ. ಕ್ಯಾಬಿನೆಟ್ಟಿನ ಮುಂದೆ ಬಗ್ಗಿ ನೋಡಿದರೆ ಜ್ಯಾಕಿನಲ್ಲಿ ಏನೂ ಇಲ್ಲ, ಖಾಲಿ ತೂತು.

ಅಂದರೆ ಖಾಲಿ ಜ್ಯಾಕಿನಲ್ಲಿ ಹೆಡ್‌ಫೋನ್ ಇದೆ ಎಂದು ಚಿಪ್ಪು ನಂಬಿಕೊಂಡಿದೆ. ಮುಂದೆ ಹೆಡ್‌ಫೋನ್ ಹಾಕಿದರೆ ಹಿಂದಿನ ಸ್ಪೀಕರ್ ತಾನಾಗಿ ಬಂದ್ ಆಗುವುದು ಇದರ ಸಹಜ ನಡೆ. ಖಚಿತ ಮಾಡಿಕೊಳ್ಳಲು ಟರ್ಮಿನಲ್ಲಿನಲ್ಲಿ ಆಲ್ಸಾಮಿಕ್ಸರ್ ಎಂಬ ಸೌಂಡ್ ಹೊಂದಿಸುವ ಪ್ರೋಗ್ರಾಂ ಓಡಿಸಿ, ಎಫ್6 ಒತ್ತಿ ಎಚ್‌ಡಿಎ ಇಂಟೆಲ್ ಪಿಸಿಎಚ್ ಆರಿಸಿ, ಬಲಕ್ಕೆ ಸರಿಯುತ್ತ "ಆಟೊ-ಮ್ಯೂಟ್ ಮೋಡ್" ತನಕ ಹೋಗಿ ಅದನ್ನು ಡಿಸೇಬಲ್ಡ್ ಮಾಡಿದೆ. ಲೈನ್ ಔಟ್ ಕೆಳಗೆ ಎಂಎಂ ಎಂದಿದ್ದರೆ ಎಂ ಕೀಲಿ ಒತ್ತಿ 00 ಮಾಡಬೇಕು, ಎಂಎಂ ಎಂದರೆ ಬಾಯಿ ಮುಚ್ಚಿಸಿದೆ ಎಂದರ್ಥ. ಹಿಂದಿನ ಸ್ಪೀಕರ್ ಆ ಕ್ಷಣ ಹಾಡಿತು.

ಮನೆಯ ಹಿರಿಯರಿಗೆ ಆಗ ನೆನಪಾಯಿತು: "ಎರಡು ವರ್ಷದ ಹಿಂದೂ ಹಿಂಗ ಆಗಿತ್ತಪಾ. ಒಬ್ಬ ಹುಡುಗ ಬಂದು ಎಲ್ಲೋ ಒಂದು ಟಿಕ್ ಹಾಕಿ ಹೋದ, ಚಾಲೂ ಆತು."

ಆ ಟಿಕ್ ಯಾವುದೆಂದು ಊಹಿಸುವುದು ಕಷ್ಟವಲ್ಲ. ಹಳೇ ರಿಯಲ್‌ಟೆಕ್ ಎಚ್‌ಡಿ ಆಡಿಯೊ ಮ್ಯಾನೇಜರಿನ ಮೂಲೆಯಲ್ಲಿ ಹಳದಿ ಫೋಲ್ಡರ್ ಗುರುತಿರುತ್ತದೆ, ಅದರೊಳಗೆ "ಡಿಸೇಬಲ್ ಫ್ರಂಟ್ ಪ್ಯಾನೆಲ್ ಜ್ಯಾಕ್ ಡಿಟೆಕ್ಷನ್". ಅದಕ್ಕೆ ಟಿಕ್ ಹಾಕಿದರೆ ಮುಂದಿನ ಜ್ಯಾಕ್ ಹೇಳುವ ಸುಳ್ಳನ್ನು ಡ್ರೈವರ್ ಕೇಳಿಸಿಕೊಳ್ಳುವುದಿಲ್ಲ. ಜ್ಯಾಕ್ ಎರಡು ವರ್ಷದಿಂದ ಕೆಟ್ಟೇ ಇತ್ತು, ಟಿಕ್ ಅದನ್ನು ಮುಚ್ಚಿಟ್ಟಿತ್ತು. ಅಪ್‌ಡೇಟ್ ಸಾಫ್ಟ್‌ವೇರು ಹಳೇ ಡ್ರೈವರಿನ ಜೊತೆ ಆ ಟಿಕ್ಕನ್ನೂ ಗುಡಿಸಿತು. ಒಂದರ ಮೇಲೊಂದು ಕೂತ ಎರಡು ರೋಗ. ಮೇಲಿನದ್ದಕ್ಕೆ ಔಷಧ ಕೊಟ್ಟಾಗ ಕೆಳಗಿನದ್ದು ಕಾಣಿಸಿತು, ಗುರುತಿಸಲಿಲ್ಲ.

ಹಂತ 5. ಕ್ಯಾಬಿನೆಟ್ ಬಿಚ್ಚಿದ್ದು

ಪ್ಲಗ್ ಕಿತ್ತು, ಪವರ್ ಬಟನ್ 5 ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸಕ್ಕಿಳಿದದ್ದು. ಮುಂದಿನ ಪ್ಯಾನೆಲ್ಲಿನ ಆಡಿಯೊ ಕೇಬಲ್ ಬೋರ್ಡಿನ ಕೆಳ ಎಡಮೂಲೆಗೆ ಬರುತ್ತದೆ. ಬೋರ್ಡಿನ ಮೇಲೆ ಎಫ್_ಆಡಿಯೊ ಅಥವಾ ಎಎಎಫ್‌ಪಿ ಎಂದು ಅಚ್ಚಾಗಿರುತ್ತದೆ. ಎರಡು ಸಾಲು, 9 ಪಿನ್ನು, 8ನೇ ಜಾಗ ಖಾಲಿ. ಪಕ್ಕದ ಯುಎಸ್‌ಬಿ ಪಿನ್ನುಗಳೂ 9, ಆದರೆ ಅಲ್ಲಿ ಖಾಲಿ ಇರುವುದು ಮೂಲೆಯ ಪಿನ್ನು. ಗಡಿಬಿಡಿಯಲ್ಲಿ ಅದಲುಬದಲಾಗದಂತೆ ನೋಡಿಕೊಳ್ಳಿ.

ಕೇಬಲ್ ಕಿತ್ತಿಟ್ಟು ವಿಂಡೋಸ್ ಚಾಲೂ ಮಾಡಿದೆ. ಅದೇ ಸಾದಾ ಡ್ರೈವರಿನಲ್ಲಿ ಸ್ಪೀಕರ್ ಹಾಡಿತು. ಮುಂದಿನ ಜ್ಯಾಕ್ ಬೇಕಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು, ಖರ್ಚು ಸೊನ್ನೆ. ಈ ಮನೆಯ ಹುಡುಗಿಗೆ ಆನ್‌ಲೈನ್ ಕ್ಲಾಸಿಗೆ ಹೆಡ್‌ಸೆಟ್ ಬೇಕು, ಕ್ಯಾಬಿನೆಟ್ಟಿನ ಹಿಂದೆ ಕೈ ತೂರಿಸುವುದು ಆಗದ ಮಾತು.

ಹಂತ 6. ಅಳತೆ ಮತ್ತು ತೊಳೆತ

ಮಲ್ಟಿಮೀಟರ್ ಓಮ್‌ಗೆ ಇಟ್ಟು, ಕಿತ್ತ ಕೇಬಲ್ಲಿನ ತುದಿಯಲ್ಲಿ ಅಳೆದದ್ದು. 7ನೇ ಪಿನ್ನು ಪತ್ತೆ ಸಂಕೇತ ಕಳಿಸುವುದು, 10ನೇ ಪಿನ್ನು ಹೆಡ್‌ಫೋನಿನ ಉತ್ತರ, 6ನೇ ಪಿನ್ನು ಮೈಕಿನ ಉತ್ತರ. ಜ್ಯಾಕ್ ಖಾಲಿ ಇದ್ದಾಗ 7 ಮತ್ತು 10ರ ನಡುವೆ ಸಂಪರ್ಕ ಇರಬಾರದು, ಮೀಟರ್ ಓಎಲ್ ತೋರಿಸಬೇಕು. ಪ್ಲಗ್ ಹಾಕಿದಾಗ ಸೊನ್ನೆಯ ಹತ್ತಿರ ಬರಬೇಕು.

ಬಂದದ್ದು: ಖಾಲಿ ಜ್ಯಾಕಿಗೆ 85 ಓಮ್. ಕೇಬಲ್ ಅಲ್ಲಾಡಿಸಿದರೆ 2 ಕಿಲೋ ಓಮ್‌ವರೆಗೆ ಏರಿ ಮತ್ತೆ ಇಳಿಯುತ್ತದೆ. ಮೈಕಿನ 6 ಮತ್ತು 7 ಸರಿಯಾಗಿ ಓಎಲ್.

99% ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಜ್ಯಾಕಿನೊಳಗೆ ಬಿಟ್ಟು, ಒಂದು ಹಳೇ ಪ್ಲಗ್ಗನ್ನು 25 ಸಲ ಹಾಕಿ ತೆಗೆದೆ. ಆಮೇಲೆ ಊದಿನಕಡ್ಡಿಯ ಬುಡಕ್ಕೆ ತೆಳ್ಳಗೆ ಬಟ್ಟೆ ಸುತ್ತಿ ಒಳಗೆ ತಿರುಗಿಸಿದರೆ ಕಾಡಿಗೆ ಹಚ್ಚಿದಂತೆ ಕಪ್ಪು ಜಿಡ್ಡು ಬಂತು. ಹತ್ತಿ ಸುತ್ತಬೇಡಿ, ಎಳೆ ಒಳಗೇ ಉಳಿಯುತ್ತದೆ. ಎಣ್ಣೆಯಂಶದ ಸ್ಪ್ರೇ ಅಂತೂ ಬೇಡವೇ ಬೇಡ. ಇಂದು ಸಂಪರ್ಕ ಸರಿಹೋದಂತೆ ಕಂಡರೂ ನಾಳೆಯ ಬೂದಿಗೆ ಅದೇ ಅಂಟು.

ಹತ್ತು ನಿಮಿಷ ಒಣಗಿಸಿ ಅಳೆದರೆ ಓಎಲ್. ಕೇಬಲ್ ಹಾಕಿ ಮುಚ್ಚಿದೆ. ಸೌಂಡ್ ಬಂತು. ಗೆದ್ದೆವು ಎಂದುಕೊಂಡದ್ದು ಒಂದೇ ರಾತ್ರಿ.

ಹಂತ 7. ದಿನ 3, ಸೋಮವಾರ: ಮತ್ತೆ ಮೌನ, ಮತ್ತು 60 ರೂಪಾಯಿ ನೀರಿಗೆ

ಹುಡುಗಿ ಹೆಡ್‌ಸೆಟ್ ಹಾಕಿ ತೆಗೆದ ಮೇಲೆ ಮತ್ತೆ ಸದ್ದಿಲ್ಲ. ಮುಂದಿನ ಪ್ಲಾಸ್ಟಿಕ್ ಮುಖ ಬಿಚ್ಚಿ ಜ್ಯಾಕಿನ ಪುಟ್ಟ ಬೋರ್ಡನ್ನು ಕೈಯಲ್ಲಿ ಹಿಡಿದು ಟಾರ್ಚ್ ಬಿಟ್ಟೆ. ಪ್ಲಗ್ ಒಳಬಂದಾಗ ಸರಿದು, ಹೊರಹೋದಾಗ ಹಿಂದಿರುಗಬೇಕಾದ ತೆಳು ಸ್ಪ್ರಿಂಗ್ ಎಲೆ ಬಾಗಿ, ಎದುರಿನ ಸಂಪರ್ಕಕ್ಕೆ ಒರಗಿಕೊಂಡಿದೆ. ಸೂಜಿಯಿಂದ ಹಿಂದೆ ತಳ್ಳಿದರೆ ಓಎಲ್, ಪ್ಲಗ್ ಹಾಕಿ ತೆಗೆದರೆ ಮತ್ತೆ 100 ಓಮ್ ಆಸುಪಾಸು. ಸ್ಪ್ರಿಂಗಿನ ಬಿಗಿ ಸತ್ತಿದೆ. ತೊಳೆತದಿಂದ ಹೋಗುವ ರೋಗ ಅಲ್ಲ.

ಗುಜರಿ ಕ್ಯಾಬಿನೆಟ್ಟಿನ ಮುಂದಿನ ಪ್ಯಾನೆಲ್ ಬೋರ್ಡು 60 ರೂಪಾಯಿಗೆ ಸಿಕ್ಕಿತು. ಅದೇ ಗಾತ್ರ, ಅದೇ 9 ತೂತಿನ ಕನೆಕ್ಟರ್, ತಿರುಪು ಕೂಡ ಸರಿಯಾಗಿ ಕೂತವು. ಹಾಕಿದರೆ ಪತ್ತೆ ಇನ್ನೂ ಹುಚ್ಚುಹುಚ್ಚು: ಖಾಲಿ ಇದ್ದಾಗ ಹೆಡ್‌ಫೋನ್ ಇದೆ ಎನ್ನುತ್ತದೆ, ಹಾಕಿದರೆ ಇಲ್ಲ ಎನ್ನುತ್ತದೆ.

ಅದು ಈಗಿನ ಎಚ್‌ಡಿ ಆಡಿಯೊ ಪದ್ಧತಿಗಿಂತ ಹಿಂದಿನ ಎಸಿ'97 ಕಾಲದ ಪ್ಯಾನೆಲ್. ಕನೆಕ್ಟರ್ ಎಚ್‌ಡಿ ಆಡಿಯೊದ ಹಾಗೇ ಇರುತ್ತದೆ, ಒಳಗಿನ ಜೋಡಣೆ ಬೇರೆ. ಕಣ್ಣಿನಿಂದ ಗೊತ್ತಾಗದು, ಮೀಟರಿನಿಂದ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ: ಜ್ಯಾಕ್ ಖಾಲಿ ಇಟ್ಟು 5 ಮತ್ತು 6, 9 ಮತ್ತು 10 ಮುಟ್ಟಿಸಿ. ಬೀಪ್ ಬಂದರೆ ಎಸಿ'97, ವಾಪಸ್ ಇಟ್ಟುಬಿಡಿ. ಎಚ್‌ಡಿ ಪ್ಯಾನೆಲ್ಲಿನಲ್ಲಿ ಆ ಜೋಡಿಗಳು ಸೇರಿರುವುದಿಲ್ಲ. ಗುಜರಿ ಅಂಗಡಿಗೆ ಮೀಟರ್ ಒಯ್ಯದಿದ್ದುದು ನನ್ನದೇ ತಪ್ಪು. ಕೆಲವು ಕ್ಯಾಬಿನೆಟ್ಟುಗಳಲ್ಲಿ ಒಂದೇ ಕೇಬಲ್ಲಿಗೆ ಎರಡು ತಲೆ ಇರುತ್ತವೆ, ಒಂದರ ಮೇಲೆ ಎಚ್‌ಡಿ ಆಡಿಯೊ, ಇನ್ನೊಂದರ ಮೇಲೆ ಎಸಿ'97. ಹಾಕಬೇಕಾದ್ದು ಎಚ್‌ಡಿಯದ್ದು.

ಹೊಸ ಎಚ್‌ಡಿ ಆಡಿಯೊ ಜ್ಯಾಕ್ ಪ್ಯಾನೆಲ್ ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ, ಕೊರಿಯರ್ ಸೇರಿ 240 ರೂಪಾಯಿ.

ಹಂತ 8. ದಿನ 4, ಮಂಗಳವಾರ: ಡ್ರೈವರ್, ಈ ಸಲ ಕ್ರಮವಾಗಿ

ಸಾದಾ ಡ್ರೈವರಿನಲ್ಲೇ ಬಿಡಬಹುದಿತ್ತು. ಹಾಡು, ಸಿನಿಮಾಗೆ ಅದು ಧಾರಾಳ ಸಾಕು, ನನ್ನ ಮನೆಯದಾಗಿದ್ದರೆ ಬಿಡುತ್ತಿದ್ದೆ. ಇಲ್ಲಿ ಹೆಡ್‌ಸೆಟ್ಟಿನ ಮೈಕಿನ ಧ್ವನಿ ಸಣ್ಣದಾಗಿ ಹೋಗುತ್ತಿತ್ತು, ಗದ್ದಲ ತಗ್ಗಿಸುವ ಆಯ್ಕೆ ರಿಯಲ್‌ಟೆಕ್ ಡ್ರೈವರಿನಲ್ಲೇ ಇರುವುದು.

ಮೊದಲು ಆ ಅಪ್‌ಡೇಟ್ ಸಾಫ್ಟ್‌ವೇರನ್ನೇ ಕಿತ್ತೆ. ಅದು ಇದ್ದರೆ ಮಾಡಿದ್ದೆಲ್ಲ ನಾಳೆ ಮತ್ತೆ ಹಾಳು. ನಂತರ ವೈಫೈ ಡಾಂಗಲ್ ಕಿತ್ತಿಟ್ಟೆ. ನೆಟ್ ಇದ್ದರೆ ನಾವು ಅಳಿಸುವ ಹೊತ್ತಿಗೇ ವಿಂಡೋಸ್ ಅಪ್‌ಡೇಟ್ ಇನ್ನೊಂದನ್ನು ತಂದು ಕೂರಿಸಬಹುದು. ಸಿಸ್ಟಂ ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್ ಒಳಗೆ "ನೋ" ಇಟ್ಟೆ. ಇದು ಗಟ್ಟಿ ಬೀಗವಲ್ಲ, ಬಾಗಿಲು ಮುಂದೆ ಎಳೆದುಕೊಂಡಷ್ಟೇ.

ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್, "ಡಿಲೀಟ್ ದ ಡ್ರೈವರ್ ಸಾಫ್ಟ್‌ವೇರ್" ಎಂಬ ಚೌಕಕ್ಕೆ ಟಿಕ್. ಆಮೇಲೆ ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್. ಸ್ಟೋರಿನಲ್ಲಿ ಇನ್ನೊಂದು ರಿಯಲ್‌ಟೆಕ್ ಉಳಿದಿದ್ದರೆ ಅದು ಎದ್ದು ಬರುತ್ತದೆ, ಅದಕ್ಕೂ ಅದೇ ಗತಿ. ಹೆಸರು "ಹೈ ಡೆಫಿನಿಶನ್ ಆಡಿಯೊ ಡಿವೈಸ್" ಎಂದಾಗುವ ತನಕ ಮಾಡುತ್ತಿರಬೇಕು. ಶನಿವಾರವೇ ನಾಲ್ಕು ಹೋಗಿದ್ದರಿಂದ ಇಲ್ಲಿ ಒಂದೇ ಸಲ ಸಾಕಾಯಿತು. ಆ ಸಾಫ್ಟ್‌ವೇರ್ ಕಿತ್ತ ಮೇಲೂ ಪಿಎನ್‌ಪಿಯುಟಿಲ್ ಪಟ್ಟಿಯಲ್ಲಿ ಒಂದು ಆಡಿಯೊ ಎಕ್ಸ್‌ಟೆನ್ಶನ್ ಉಳಿದಿತ್ತು. ಕ್ಲಾಸ್ ನೇಮ್ ಎರಡು ಸಲ ಓದಿ /ಡಿಲೀಟ್-ಡ್ರೈವರ್, ಒಇಎಂ ನಂಬರು, /ಅನ್‌ಇನ್‌ಸ್ಟಾಲ್ ಕೊಟ್ಟೆ.

ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಅರೆನಿದ್ದೆ ಇದ್ದಂತೆ, ಡ್ರೈವರುಗಳ ಹಳೇ ಸ್ಥಿತಿಯೇ ಹೊಳ್ಳಿ ಬರುತ್ತದೆ. ರೀಸ್ಟಾರ್ಟೇ ಪೂರ್ತಿ ಎಚ್ಚರ.

ಈಗ ಬೋರ್ಡ್ ಕಂಪನಿಯ 6.0.1 ಡ್ರೈವರ್ ಓಡಿಸಿದರೆ ಒಂದೇ ಉಸಿರಿಗೆ ಹೋಯಿತು, ಎರರ್ ಇಲ್ಲ. ಮತ್ತೊಮ್ಮೆ ರೀಸ್ಟಾರ್ಟ್, ಆಮೇಲೆ ಡಾಂಗಲ್ ಹಾಕಿದ್ದು. ಡೀಫಾಲ್ಟ್ ಫಾರ್ಮ್ಯಾಟ್ 24 ಬಿಟ್ 192000 ಹರ್ಟ್ಜ್ ಎಂದು ಕೂತಿತ್ತು, 16 ಬಿಟ್ 48000ಕ್ಕೆ ಇಳಿಸಿದೆ. ಈ ಸ್ಪೀಕರಿಗೆ ಅಷ್ಟು ದೊಡ್ಡ ಸಂಖ್ಯೆಯಿಂದ ಉಪಯೋಗವಿಲ್ಲ, ಹಳೇ ಪ್ರೊಸೆಸರಿಗೆ ಭಾರ ಮಾತ್ರ.

ಜ್ಯಾಕ್ ಡಿಟೆಕ್ಷನ್ ಟಿಕ್ ಹಾಕಲಿಲ್ಲ. ಬೇಕೆಂದೇ.

ವಿಂಡೋಸ್ 11 ಹಾಕಿದರೆ ಸರಿಹೋಗುತ್ತಿತ್ತೇ ಎಂದು ಮನೆಯವರು ಕೇಳಿದರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ, ಆದರೆ 6ನೇ ತಲೆಮಾರಿನ ಪ್ರೊಸೆಸರ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಸೌಂಡಿಗಂತೂ ಅದರಿಂದ ಏನೂ ಆಗುತ್ತಿರಲಿಲ್ಲ, ಸ್ಪ್ರಿಂಗಿಗೆ ಯಾವ ವಿಂಡೋಸಾದರೂ ಒಂದೇ.

ಹಂತ 9. ದಿನ 6, ಗುರುವಾರ ಸಂಜೆ: ಹೊಸ ಜ್ಯಾಕ್, ಹಳೇ ಗುಂಯ್

ಹೊಸ ಪ್ಯಾನೆಲ್ ಬಂತು. ಹಾಕುವ ಮೊದಲೇ ಅಳೆದೆ: 5-6 ಓಎಲ್, 9-10 ಓಎಲ್, 7-10 ಖಾಲಿ ಇದ್ದಾಗ ಓಎಲ್, ಪ್ಲಗ್ ಹಾಕಿದಾಗ 0.4 ಓಮ್. ತಿರುಪಿನ ತೂತು 2 ಮಿಲಿಮೀಟರ್ ಅತ್ತಿತ್ತ ಇದ್ದವು, ಒಂದೇ ತಿರುಪಿಗೆ ಬಿಗಿದು ಇನ್ನೊಂದು ಕಡೆ ಹಾಟ್ ಗ್ಲೂ ಬಿಟ್ಟೆ. ಹೆಡ್‌ಸೆಟ್ 30 ಸಲ ಹಾಕಿ ತೆಗೆದೆ, 30 ಸಲವೂ ಸ್ಪೀಕರ್ ಸರಿಯಾಗಿ ಬಂದ್ ಆಗಿ ಚಾಲೂ ಆಯಿತು.

ಆಗ ಕಿವಿಗೆ ಬಿದ್ದದ್ದು ಸಣ್ಣ ಗುಂಯ್ ಸದ್ದು. ಕ್ಯಾಬಿನೆಟ್ ಮುಟ್ಟಿದರೆ ಕಡಿಮೆಯಾಗುತ್ತದೆ, ಕೈಗೆ ಜುಮ್ ಎನ್ನುತ್ತದೆ. ಇದಕ್ಕೆ ಡ್ರೈವರ್ ಹುಡುಕುವವರಿದ್ದಾರೆ. ಟೇಬಲ್ಲಿನ ಹಿಂದೆ ನೋಡಿದರೆ ಎಕ್ಸ್‌ಟೆನ್ಶನ್ ಬಾಕ್ಸಿಗೆ ಎರಡು ಪಿನ್ನಿನ ಪ್ಲಗ್, ಅರ್ಥಿಂಗ್ ಇಲ್ಲವೇ ಇಲ್ಲ. ಕ್ಯಾಬಿನೆಟ್ ಮತ್ತು ನ್ಯೂಟ್ರಲ್ ನಡುವೆ ಮೀಟರ್ 96 ವೋಲ್ಟ್ ತೋರಿಸಿತು. ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಕರೆಂಟಿಗೆ ಹೋಗಲು ಜಾಗವಿಲ್ಲದೆ ಕ್ಯಾಬಿನೆಟ್ಟಿನ ಮೇಲೇ ಕೂರುತ್ತದೆ. ಮೂರು ಪಿನ್ನಿನ ಬಾಕ್ಸ್ 380 ರೂಪಾಯಿಗೆ ತಂದು, ಗೋಡೆಯ ಅರ್ಥ್ ಇರುವ ಪಾಯಿಂಟಿಗೆ ಹಾಕಿದ ಮೇಲೆ 2 ವೋಲ್ಟ್. ಗುಂಯ್ ಇಲ್ಲ, ಜುಮ್ ಇಲ್ಲ.

ಖರ್ಚು: ಆಲ್ಕೊಹಾಲ್ 130, ಗುಜರಿ ಪ್ಯಾನೆಲ್ 60 (ದಂಡ), ಹೊಸ ಪ್ಯಾನೆಲ್ 240, ಎಕ್ಸ್‌ಟೆನ್ಶನ್ ಬಾಕ್ಸ್ 380. ಒಟ್ಟು 810 ರೂಪಾಯಿ.

ಖಾಲಿ ಜ್ಯಾಕುಗಳಿಗೆ ರಬ್ಬರ್ ಮುಚ್ಚಳ ಹಾಕಬೇಕು ಎಂದು ಹೇಳಿ ಬಂದದ್ದು. ಊರಲ್ಲಿ ಸಿಗಲಿಲ್ಲ. ಸದ್ಯಕ್ಕೆ ಹಳೇ ಇಯರ್‌ಫೋನಿನ ಮುರಿದ ಪ್ಲಗ್ಗನ್ನು ಮೈಕಿನ ತೂತಿಗೆ ಮಾತ್ರ ಸಿಕ್ಕಿಸಿದೆ. ಹೆಡ್‌ಫೋನಿನ ತೂತಿಗೆ ಅದನ್ನು ಹಾಕುವಂತಿಲ್ಲ, ಹಾಕಿದರೆ ಸ್ಪೀಕರ್ ಮತ್ತೆ ಬಂದ್.